ಏಳು ತಟ್ಟೆ ಇಡ್ಲಿ, ಒಂದು ಎ ಪ್ಲಸ್

ಸುಬ್ಬರಾಯರ ಹೋಟೆಲಿನಲ್ಲಿ ಗಲ್ಲಾದ ಹಿಂದಿನ ಗೋಡೆಗೆ ಮೂರು ಫ್ರೇಮುಗಳು. ಎಡಕ್ಕೆ ಉಡುಪಿ ಕೃಷ್ಣ, ಬಲಕ್ಕೆ ಹೋಟೆಲಿನ ಲೈಸೆನ್ಸು, ನಟ್ಟನಡುವೆ ಐದನೇ ಕ್ಲಾಸಿನಲ್ಲಿ ಓದುವ ಮಗಳು ಆಶ್ರಿತಾಳ ಮಾರ್ಕ್ಸ್ ಕಾರ್ಡು. ಕೃಷ್ಣನಿಗೆ ದಿನಕ್ಕೊಂದು ಊದುಬತ್ತಿ ಸಿಗುತ್ತಿತ್ತು, ಲೈಸೆನ್ಸಿಗೆ ವರ್ಷಕ್ಕೊಮ್ಮೆ ಧೂಳು ಒರೆಸಿಸಿಕೊಳ್ಳುವ ಯೋಗ. ಮಾರ್ಕ್ಸ್ ಕಾರ್ಡನ್ನು ಮಾತ್ರ ಸುಬ್ಬರಾಯರು ಗಿರಾಕಿ ಬಂದಾಗಲೆಲ್ಲ ಹೆಗಲ ಮೇಲಿನ ಟವೆಲಿನಿಂದ ಒರೆಸುತ್ತಿದ್ದರು. ಒರೆಸಿದರೆ ಗಿರಾಕಿ ತಲೆಯೆತ್ತಿ ನೋಡಲೇಬೇಕು. ನೋಡಿದರೆ ‘ಗಣಿತ: ಎ ಪ್ಲಸ್’ ಎಂಬಲ್ಲಿಗೆ ಕಣ್ಣು ಹೋಗಲೇಬೇಕು, ಯಾಕೆಂದರೆ ಅದರ ಸುತ್ತ ಅವರೇ ಕೆಂಪು ಪೆನ್ನಿನಿಂದ ಒಂದು ವೃತ್ತ ಎಳೆದಿದ್ದರು.

ವಡೋದರದ ಮಕರಪುರದಲ್ಲಿ ಕಾರ್ಖಾನೆಗಳಿಗೇನು ಬರವಿಲ್ಲ. ಬೆಳಗಿನ ಪಾಳಿಗೆ ಹೋಗುವವರು, ರಾತ್ರಿ ಪಾಳಿ ಮುಗಿಸಿ ಬರುವವರು ಎಲ್ಲರೂ ಇಡ್ಲಿಯ ಜೊತೆಗೆ ಆಶ್ರಿತಾಳ ಎ ಪ್ಲಸ್ಸನ್ನೂ ತಿಂದು, ‘ಬಹು ಸರಸ್’ ಎಂದು ಹೊಗಳಿ ಕೈ ತೊಳೆದಿದ್ದರು. ಸೂರತ್ತಿನಲ್ಲಿ ಹೋಟೆಲು ನಡೆಸುವ ಭಾವ ಚಂದ್ರಶೇಖರರಿಗೆ ಫೋಟೋ ಹೋಗಿತ್ತು. ಕಾಪುವಿನಲ್ಲಿರುವ ಸೋದರತ್ತೆಗೂ ಹೋಗಿತ್ತು. ಅತ್ತೆಗೆ ಕಣ್ಣು ಕಾಣಿಸುವುದಿಲ್ಲ ಎಂದು ಫೋನಿನಲ್ಲಿ ಓದಿ ಹೇಳಿಯೂ ಆಗಿತ್ತು.

ನವೆಂಬರ್ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಬಿಲ್ಡಿಂಗಿನ ಹಂಸಾಬೆನ್ ಪಾರ್ಸೆಲ್ಲಿಗೆ ಬಂದರು. ಅವರ ಮಗನೂ ಆಶ್ರಿತಾಳ ಕ್ಲಾಸೇ. ಸುಬ್ಬರಾಯರು ಟವೆಲು ತೆಗೆದು ಫ್ರೇಮು ಒರೆಸಿದರು. ಹಂಸಾಬೆನ್ ತಲೆಯೆತ್ತಲಿಲ್ಲ. ಮತ್ತೊಮ್ಮೆ ಒರೆಸಿದರು. ಹಂಸಾಬೆನ್ ಮೊಬೈಲು ನೋಡುತ್ತಿದ್ದರು. ಹೀಗೆಲ್ಲ ಆದರೆ ಸುಬ್ಬರಾಯರಿಗೆ ಕಾಲು ನಿಲ್ಲುವುದಿಲ್ಲ. ಅಷ್ಟರಲ್ಲಿ ಅಡುಗೆಯ ಜನಾರ್ದನ ಏಳು ತಟ್ಟೆಯ ಇಡ್ಲಿಯನ್ನು ಬುಟ್ಟಿಗೆ ಮಗುಚಿ ತಂದು ಕೌಂಟರಿನ ಮೇಲಿಟ್ಟ. ಸುಬ್ಬರಾಯರಿಗೆ ಒಂದು ಉಪಾಯ ಹೊಳೆಯಿತು. ಅವರ ಜೀವನದ ಹೆಚ್ಚಿನ ತೊಂದರೆಗಳು ಹೀಗೆ ಉಪಾಯ ಹೊಳೆದೇ ಶುರುವಾದವು.

“ಆಶ್ರಿತಾ, ಬಾ ಇಲ್ಲಿ. ಒಂದು ತಟ್ಟೆಗೆ ಹದಿನಾರು ಇಡ್ಲಿ, ಏಳು ತಟ್ಟೆ. ಒಟ್ಟು ಎಷ್ಟು ಹೇಳು, ಆಂಟಿ ಕೇಳ್ಲಿ.”

ಆಶ್ರಿತಾ ಬಂದಳು. ಬುಟ್ಟಿಯ ಮೇಲೆ ಬಗ್ಗಿದಳು. ಬೆರಳು ಚಾಚಿ ಒಂದು, ಎರಡು, ಮೂರು ಎಂದು ಶುರು ಮಾಡಿದಳು.

“ಎಣಿಸುದಲ್ಲ ಮಗಾ, ಬಾಯಲ್ಲಿ ಹೇಳು.”

“ಡಿಸ್ಟರ್ಬ್ ಮತ್ ಕರೋ ಪಪ್ಪ,” ಎಂದು ಅವಳು ಮೇಲಿನ ಇಡ್ಲಿಗಳನ್ನು ಒಂದೊಂದಾಗಿ ಇನ್ನೊಂದು ಬುಟ್ಟಿಗೆ ಹಾಕುತ್ತ ಹೋದಳು. ಹೋಟೆಲಿನಲ್ಲಿದ್ದವರೆಲ್ಲ ಚಮಚ ಕೆಳಗಿಟ್ಟು ನೋಡತೊಡಗಿದರು. ಹಂಸಾಬೆನ್ ಕೂಡ ಮೊಬೈಲು ಕೆಳಗಿಳಿಸಿದರು. ಐದು ನಿಮಿಷವಾದ ಮೇಲೆ ಆಶ್ರಿತಾ ನೆಟ್ಟಗೆ ನಿಂತು, ಹಣೆಯ ಬೆವರು ಒರೆಸಿ, “ಒನ್ ಹಂಡ್ರೆಡ್ ಅಂಡ್ ಇಲೆವೆನ್,” ಎಂದಳು.

“ನೂರ ಹನ್ನೆರಡು!” ಎಂದರು ಸುಬ್ಬರಾಯರು. “ಹದಿನಾರೇಳ್ಲ ನೂರ ಹನ್ನೆರಡು! ಗುಣಿಸ್ಲಿಕ್ಕೆ ಎಂತ ನಿಂಗೆ?”

“ಗುಣಿಸ್ಲಿಕ್ಕೆ ಬರುದಿಲ್ಲ ಪಪ್ಪ. ಸರ್ ಹೋದ್ರಲ್ಲ, ಜುಲೈಯಲ್ಲಿ. ಆಮೇಲೆ ಮ್ಯಾಥ್ಸ್ ಪೀರಿಯಡ್‌ನಲ್ಲಿ ಗರ್ಬಾ ಪ್ರಾಕ್ಟೀಸ್.”

“ಮತ್ತೆ ಈ ಎ ಪ್ಲಸ್?”

“ಅದು ಎಲ್ರಿಗೂ ಸಿಕ್ಕಿದೆ.”

ಹಂಸಾಬೆನ್ ಈಗ ತಲೆಯೆತ್ತಿ ಫ್ರೇಮನ್ನು ನೋಡಿದರು. ನೋಡಿ ನಕ್ಕರು. “ಸುಬ್ಬರಾಯ್‌ಭಾಯ್, ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳು, ನಲವತ್ತೆರಡು ಎ ಪ್ಲಸ್. ನಮ್ಮ ಹುಡುಗ ಪರೀಕ್ಷೆಯ ದಿನ ಜ್ವರ ಬಂದು ಮಲಗಿದ್ದ. ಅವನಿಗೂ ಎ ಪ್ಲಸ್ಸೇ. ನೀವು ಗೋಡೆಗೆ ಹಾಕಿದ್ದೀರಿ, ನಾನು ಬೀರುವಿನಲ್ಲಿ ಬಚ್ಚಿಟ್ಟಿದ್ದೇನೆ.”

ಇಡ್ಲಿಯಾದರೂ ನೂರ ಹನ್ನೆರಡೇ ಎಂಬುದಕ್ಕೆ ಸಾಕ್ಷಿಗಾಗಿ ಸುಬ್ಬರಾಯರು ಜನಾರ್ದನನ ಕಡೆ ತಿರುಗಿದರು. ಜನಾರ್ದನ ಬೆನ್ನು ತಿರುಗಿಸಿ ನಿಂತಿದ್ದವನು ಸುಮ್ಮನೆ ತಲೆಯಾಡಿಸಿದ. ಸ್ವಲ್ಪ ಹೊತ್ತಿನ ಮೇಲೆ, “ಮಕ್ಕಳು ಎಣಿಸುವಾಗ ಒಂದೆರಡು ಹೆಚ್ಚುಕಡಿಮೆ ಆಗ್ತದೆ ರಾಯರೇ, ಅದಕ್ಕೆಲ್ಲ ಬಯ್ಬಾರ್ದು,” ಎಂದ. ಒಳ್ಳೆಯ ಮನುಷ್ಯ. ಮಧ್ಯಾಹ್ನದವರೆಗೆ ಬರೀ ಚಹಾ ಕುಡಿದು ಒಲೆಯ ಮುಂದೆ ನಿಲ್ಲುವವನು. ಆದರೂ ಯಾಕೋ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದ.

ಆ ಮಧ್ಯಾಹ್ನ ಸುಬ್ಬರಾಯರ ಹೆಂಡತಿ ಜಲಜಮ್ಮ ಆರ್ಡರ್ ಬರೆಯುವ ಪ್ಯಾಡಿನ ಒಂದು ಹಾಳೆ ಹರಿದು, ಶಾಲೆಯಲ್ಲಿ ಕೇಳಬೇಕಾದ್ದನ್ನು ಬರೆದರು. ಗಣಿತದ ಮೇಷ್ಟ್ರು ಎಲ್ಲಿ? ಹೊಸಬರು ಯಾವಾಗ? ಓದಿಸದೆ ಮಾರ್ಕು ಕೊಟ್ಟವರು ಯಾರು? ಹುಡುಗಿ ಆರನೇ ಕ್ಲಾಸಿಗೆ ಹೋಗಿ ಏನು ಮಾಡಬೇಕು? ಕೊನೆಯ ಪ್ರಶ್ನೆಗೆ ಎರಡು ಗೆರೆ ಎಳೆದರು.

“ಓದಿ ಹೇಳಿ ಸಾಕು. ನಿಮ್ಮದೇನೂ ಸೇರಿಸ್ಲಿಕ್ಕೆ ಹೋಗ್ಬೇಡಿ.”

“ನಂಗೆ ಮಾತಾಡ್ಲಿಕ್ಕೆ ಗೊತ್ತಿಲ್ವಾ?”

“ಗೊತ್ತುಂಟು. ಅದಕ್ಕೇ ಹೇಳಿದ್ದು,” ಎಂದರು ಜಲಜಮ್ಮ.

ಇಲ್ಲಿ ಸುಬ್ಬರಾಯರ ಕಸುಬಿನ ಬಗ್ಗೆ ಒಂದು ಮಾತು. ಹನ್ನೊಂದು ವರ್ಷದಲ್ಲಿ ಅವರ ಹೋಟೆಲಿನಿಂದ ಒಬ್ಬ ಗಿರಾಕಿಯೂ ಮುಖ ಸಿಂಡರಿಸಿ ಹೊರಗೆ ಹೋದದ್ದಿಲ್ಲ. ದೋಸೆ ಸೀದಿದೆ ಅಂದರೆ ಬೇರೆ ದೋಸೆ. ಚಟ್ನಿ ನೀರಾಗಿದೆ ಅಂದರೆ ಬೇರೆ ಚಟ್ನಿ. ಫ್ಯಾನು ಜೋರಾಗಿದೆ ಅಂದರೆ ಬೇರೆ ಟೇಬಲ್ಲು. ಯಾರಾದರೂ ಹುಬ್ಬು ಗಂಟಿಕ್ಕಿದರೆ ಸಾಕು, ಅವರ ಎರಡೂ ಕೈ ತಾನಾಗಿ ಮುಗಿದುಕೊಂಡು ಬಾಯಿ ‘ತಪ್ಪಾಯ್ತು’ ಎನ್ನುತ್ತಿತ್ತು. ದೂರು ಕೇಳುವುದರಲ್ಲಿ ಅವರಷ್ಟು ಪಳಗಿದವರು ಇಡೀ ಮಕರಪುರದಲ್ಲಿಲ್ಲ. ಆದರೆ ದೂರು ಹೇಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಸುಬ್ಬರಾಯರು ಶಾಲೆಗೆ ಹೋದರು. ಪ್ರಿನ್ಸಿಪಾಲ್ ಕಿರೀಟ್‌ಭಾಯ್ ವಾರಕ್ಕೆ ಎರಡು ದಿನ ಹೋಟೆಲಿಗೆ ಬರುವ ಗಿರಾಕಿ. ಅಗಲ ಮುಖ, ಅಗಲ ಟೇಬಲ್ಲು.

“ಆವೋ ಸುಬ್ಬರಾಯ್‌ಭಾಯ್, ಆವೋ! ನಾನೇ ನಿಮಗೆ ಹೇಳಿ ಕಳಿಸಬೇಕು ಅಂತಿದ್ದೆ.” ಅವರು ಹುಬ್ಬು ಗಂಟಿಕ್ಕಿದರು. “ಗುರುವಾರ ನಿಮ್ಮ ಸಾಂಬಾರು... ಬಹಳ ಖಾರ. ನನ್ನ ಹೆಂಡತಿ ಇಡೀ ದಿನ ನೀರು ಕುಡಿದಳು.”

ಸುಬ್ಬರಾಯರ ಕೈ ಮುಗಿದುಕೊಂಡವು. “ತಪ್ಪಾಯ್ತು ಸರ್. ಬೆಲ್ಲ ಜಾಸ್ತಿ ಮಾಡಿಸ್ತೇನೆ.”

ಆಮೇಲೆ ನಡೆದದ್ದೆಲ್ಲ ಅವರ ಕೈಯಲ್ಲಿರಲಿಲ್ಲ, ಕೈಗಳೇ ಮಾಡಿದವು. ಹೆಗಲಿನಿಂದ ಟವೆಲು ಇಳಿಯಿತು. ಪ್ರಿನ್ಸಿಪಾಲರ ಟೇಬಲ್ಲಿನ ಫೈಲುಗಳನ್ನು ಎತ್ತಿ ಅಡಿಯನ್ನು ಒರೆಸಿ ಮತ್ತೆ ಇಟ್ಟವು. ಕುಡಿದಿಟ್ಟ ಎರಡು ಚಹಾ ಲೋಟ ತೆಗೆದು ಕಿಟಕಿಯ ಮೇಲಿಟ್ಟವು. ಕಿರೀಟ್‌ಭಾಯ್ ಖುಷಿಯಾಗಿ, “ಶನಿವಾರ ಪೋಷಕರ ಮೀಟಿಂಗು. ಎಂಬತ್ತು ವಡೆ, ನಲವತ್ತು ಕಾಫಿ. ಬರೆದುಕೊಳ್ಳಿ,” ಎಂದರು. ಸುಬ್ಬರಾಯರು ಕಿಸೆಯಿಂದ ಹಾಳೆ ತೆಗೆದು, ತಿರುವಿ, ಬರೆದುಕೊಂಡರು. ಹೊರಗೆ ಬಂದು ಸ್ಕೂಟರಿಗೆ ಕೀಲಿ ಹಾಕುವಾಗ ಏನೋ ಮರೆತೆನಲ್ಲ ಎನಿಸಿ ಒಮ್ಮೆ ತಲೆ ಕೆರೆದುಕೊಂಡರು. ಟವೆಲು ಹೆಗಲ ಮೇಲೆಯೇ ಇತ್ತು. ಆದ್ದರಿಂದ ಏನೂ ಮರೆತಿಲ್ಲವೆಂದು ಹೊರಟರು.

ಜಲಜಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡು ಈ ಬದಿ ನೋಡಿದರು. ಗಣಿತದ ಮೇಷ್ಟ್ರು ಎಲ್ಲಿ? ಆ ಬದಿ ನೋಡಿದರು. ಮೆದು ವಡೆ ಎಂಬತ್ತು.

“ಇದು ಉತ್ತರವಾ?”

“ಗಿರಾಕಿ ಹತ್ರ ಎದುರು ಮಾತಾಡ್ಲಿಕ್ಕೆ ಆಗ್ತದಾ ಮಾರಾಯ್ತಿ?”

“ಶಾಲೆಯಲ್ಲಿ ಗಿರಾಕಿ ಅವರಲ್ಲ ಮಾರಾಯ್ರೆ, ನೀವು! ಫೀಸು ಕೊಡುದು ಯಾರು?”

ಈ ಮಾತು ಸುಬ್ಬರಾಯರಿಗೆ ಹೊಸದು. ತಾನು ಗಿರಾಕಿ! ಅವರು ಅಡುಗೆಮನೆಗೂ ಗಲ್ಲಾಕ್ಕೂ ಏಳೆಂಟು ಸಲ ಓಡಾಡಿ ಇದನ್ನು ಅರ್ಥ ಮಾಡಿಕೊಳ್ಳಲು ನೋಡಿದರು. ಆಗಲಿಲ್ಲ. ಕಡೆಗೆ ಜನಾರ್ದನನಿಗೆ ಸಾಂಬಾರಿಗೆ ಇನ್ನೊಂದು ಅಚ್ಚು ಬೆಲ್ಲ ಹಾಕಲು ಹೇಳಿದರು. ಜನಾರ್ದನ ಮೂಗು ಮುರಿದು ಹಾಕಿದ. ಊರಿನ ಸಾಂಬಾರಿಗೆ ವಡೋದರಕ್ಕೆ ಬಂದ ಮೇಲೆ ಹೀಗೆ ಒಂದೊಂದೇ ಅಚ್ಚು ಸೇರಿ ಹನ್ನೊಂದು ವರ್ಷವಾಗಿತ್ತು. ಹೋಟೆಲಿನ ಕೆಲಸದವರು ಅದನ್ನು ತಿನ್ನುವುದು ಬಿಟ್ಟಿದ್ದರು. ಅವರಿಗೆಂದು ಜನಾರ್ದನ ಮೂಲೆಯ ಒಲೆಯಲ್ಲಿ ಒಂದು ಪಾತ್ರೆ ನಿಜವಾದ ಸಾಂಬಾರು ಬೇರೆಯೇ ಮಾಡುತ್ತಿದ್ದ.

ಶನಿವಾರದ ಮೀಟಿಂಗಿಗೆ ಹಂಸಾಬೆನ್ ಮೂವತ್ತೈದು ಪೋಷಕರನ್ನು ಸೇರಿಸಿದ್ದರು. ಎಲ್ಲರೂ ಸಿಟ್ಟಿನಲ್ಲಿದ್ದರು. ಸುಬ್ಬರಾಯರೂ ಸಿಟ್ಟಿನಲ್ಲಿಯೇ ಇದ್ದರು. ಆದರೆ ಅವರ ಕುರ್ಚಿಯ ಪಕ್ಕದಲ್ಲಿ ವಡೆಯ ದೊಡ್ಡ ಡಬ್ಬಿಯಿತ್ತು. ಪ್ರಿನ್ಸಿಪಾಲರು ಜುಲೈಯಿಂದ ಈಚಿನ ಕಷ್ಟಗಳನ್ನು ವಿವರಿಸಿದರು. ಮೇಷ್ಟ್ರು ಬಿಟ್ಟುಹೋದರು, ಹೊಸಬರನ್ನು ಹುಡುಕುವಷ್ಟರಲ್ಲಿ ಜನ್ಮಾಷ್ಟಮಿ ಬಂತು, ಜನ್ಮಾಷ್ಟಮಿ ಮುಗಿಯುವಷ್ಟರಲ್ಲಿ ನವರಾತ್ರಿಯ ತಯಾರಿ, ಅದು ಮುಗಿಯುವಷ್ಟರಲ್ಲಿ ದೀಪಾವಳಿ ರಜೆ, ಈಗ ವಾರ್ಷಿಕೋತ್ಸವ ಬಂತಲ್ಲ.

ಹಂಸಾಬೆನ್ ಎದ್ದು ನಿಂತರು. “ಅದು ಮುಗಿದರೆ ಉತ್ತರಾಯಣ, ಗಾಳಿಪಟ. ಅದು ಮುಗಿದರೆ ಹೋಳಿ. ನಮ್ಮ ಮಕ್ಕಳಿಗೆ ಗಣಿತ ಯಾವಾಗ? ಇವತ್ತು ತಾರೀಕು ಬರೆದುಕೊಡಿ. ಕೊಡದೆ ನಾವ್ಯಾರೂ ಇಲ್ಲಿಂದ ಏಳುವುದಿಲ್ಲ!”

ಎಲ್ಲರೂ ಬೆಂಚು ಬಡಿದರು. ಕಿರೀಟ್‌ಭಾಯ್ ಕರವಸ್ತ್ರ ತೆಗೆದರು, ಪೆನ್ನು ತೆಗೆದರು, ಕಾಗದವನ್ನೂ ಹತ್ತಿರಕ್ಕೆ ಎಳೆದುಕೊಂಡರು. ಇನ್ನೊಂದೇ ಒಂದು ನಿಮಿಷ ಸಾಕಿತ್ತು.

ಆದರೆ ವಡೆಯ ಆಯುಸ್ಸು ಎಷ್ಟು ಎಂಬುದು ಈ ಲೋಕದಲ್ಲಿ ಎಲ್ಲರಿಗೂ ಗೊತ್ತಿಲ್ಲ, ಸುಬ್ಬರಾಯರಿಗೆ ಗೊತ್ತು. ಎಣ್ಣೆಯಿಂದ ತೆಗೆದ ಮೇಲೆ ಹದಿನೈದು ನಿಮಿಷ. ಹದಿನಾಲ್ಕಾಗಿತ್ತು. ಅವರು ಕುರ್ಚಿಯ ಮೇಲೆ ಈ ಕಡೆ ಜರುಗಿದರು, ಆ ಕಡೆ ಜರುಗಿದರು, ಡಬ್ಬಿಯ ಮುಚ್ಚಳ ಮುಟ್ಟಿ ನೋಡಿದರು. ಕೊನೆಗೆ ತಡೆಯಲಾರದೆ ಎದ್ದು ಕೂಗಿದರು.

“ಬಿಸಿ ಇರುವಾಗ್ಲೇ ತಿನ್ನಿ! ತಿಂದು ಜಗಳ ಮಾಡಿ, ಜಗಳ ಎಲ್ಲಿಗೂ ಹೋಗುದಿಲ್ಲ!”

ಮುಚ್ಚಳ ತೆರೆಯಿತು. ಕರಿಬೇವು, ಶುಂಠಿಯ ಪರಿಮಳ ಹಾಲಿಗೆಲ್ಲ ಹರಡಿತು. ಮೂವತ್ತೈದು ಪೋಷಕರು ಒಂದೊಂದು ಪ್ಲೇಟು ಹಿಡಿದರು. ಬಾಯಿ ತುಂಬ ಬಿಸಿ ವಡೆಯಿರುವಾಗ ಘೋಷಣೆ ಕೂಗಲು ಬರುವುದಿಲ್ಲ. ಕಿರೀಟ್‌ಭಾಯ್ ಆ ಮೌನವನ್ನು ಒಪ್ಪಿಗೆಯೆಂದು ತೆಗೆದುಕೊಂಡು, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಎಲ್ಲರ ಸಹಕಾರಕ್ಕೆ ವಂದನೆ ಹೇಳಿ ಮೀಟಿಂಗು ಮುಗಿಸಿದರು.

ಸಂಜೆಯೊಳಗೆ ಸುಬ್ಬರಾಯರು ಮಕರಪುರದಲ್ಲೆಲ್ಲ ಪ್ರಿನ್ಸಿಪಾಲರ ಚಮಚಾ ಎಂದು ಹೆಸರಾದರು. ಪೋಷಕರ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೋ ವಡೆಯ ಚಿತ್ರ ಹಾಕಿ ಕೆಳಗೆ ಅವರ ಹೆಸರು ಬರೆದರು. ಹಂಸಾಬೆನ್ ಹೋಟೆಲಿಗೆ ಬರುವುದನ್ನು ನಿಲ್ಲಿಸಿದರು. ಅಷ್ಟೇ ಅಲ್ಲ, ಜಲಜಮ್ಮ ಪತ್ರೊಡೆ ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಯನ್ನೂ ವಾಪಸು ಕೊಡಲಿಲ್ಲ. ನೆರೆಹೊರೆಯಲ್ಲಿ ಇದಕ್ಕಿಂತ ದೊಡ್ಡ ಬಹಿಷ್ಕಾರವಿಲ್ಲ. ಜಲಜಮ್ಮ ಡಬ್ಬಿಗಾಗಿ ಗಂಡನ ಜೊತೆ ಎರಡು ದಿನ ಮಾತು ಬಿಟ್ಟರು.

“ನಾನು ಎಂತ ಮಾಡಿದೆ? ವಡೆ ತಣ್ಣಗಾಗ್ತಿತ್ತು!” ಎಂದು ಸುಬ್ಬರಾಯರು ಜನಾರ್ದನನ ಹತ್ತಿರ ಗೋಳು ಹೇಳಿಕೊಂಡರು. ಜನಾರ್ದನ ಒಬ್ಬನೇ ಅವರ ಪಕ್ಷ. “ಲೆಕ್ಕ ಕಲಿತು ಯಾರಿಗೆ ಎಂತ ಆಗ್ಬೇಕು ರಾಯರೇ? ಸುಮ್ನೆ ತಲೆಬಿಸಿ. ಇದ್ದ ಹಾಗೆ ಇರ್ಲಿ,” ಎಂದು ಅವನು ಸಮಾಧಾನ ಮಾಡಿದ.

ಜನವರಿಯಲ್ಲಿ ಉತ್ತರಾಯಣಕ್ಕೆ ಸೂರತ್ತಿನಿಂದ ಭಾವ ಚಂದ್ರಶೇಖರರು ಬಂದಿಳಿದರು. ಜೊತೆಯಲ್ಲಿ ಮಗ ವಿನಯ್. ವಿನಯ್‌ನ ಒಂದು ಕೈಯಲ್ಲಿ ಗಾಳಿಪಟದ ದಾರದ ಉರುಳೆ, ಇನ್ನೊಂದರಲ್ಲಿ ಗಣಿತದ ಪುಸ್ತಕ.

“ಭಾವ, ನಿಮ್ಮ ಆಶ್ರಿತಾಳ ಎ ಪ್ಲಸ್ಸು ತೋರಿಸಿ ತೋರಿಸಿ ಇವನಿಗೆ ಬಯ್ದದ್ದೇ ಬಯ್ದದ್ದು. ಇವ ಆರನೇ ಕ್ಲಾಸು, ಆದ್ರೂ ಭಿನ್ನರಾಶಿ ತಲೆಗೆ ಹತ್ತುದಿಲ್ಲ. ಅವಳ ಹತ್ರ ಒಂದು ಗಂಟೆ ಕೂರಿಸಿ.”

ಸುಬ್ಬರಾಯರು ಟವೆಲು ತೆಗೆದು ಒರೆಸಲು ಏನಾದರೂ ಸಿಗುತ್ತದೋ ಎಂದು ಸುತ್ತ ನೋಡಿದರು. ನಿಜ ಹೇಳಲು ಬಾಯಿ ತೆರೆದರು. ಭಾವನ ಹುಬ್ಬು ಸ್ವಲ್ಪ ಗಂಟಾದಂತೆ ಕಂಡಿತು. “ಅದಕ್ಕೇನಂತೆ, ಕೂರ್ಲಿ,” ಎಂದುಬಿಟ್ಟರು.

ಮಕ್ಕಳಿಬ್ಬರೂ ಟೆರೇಸಿನ ನೀರಿನ ಟಾಂಕಿಯ ನೆರಳಿಗೆ ಹೋದರು. ಆಕಾಶದ ತುಂಬ ಗಾಳಿಪಟ, ಎಲ್ಲ ಮಾಡಿನಿಂದಲೂ ಪಟ ಕತ್ತರಿಸಿದವರ ‘ಕಾಯ್‌ಪೋ ಛೇ’ ಎಂಬ ಬೊಬ್ಬೆ. ಸುಬ್ಬರಾಯರು ಮೆಟ್ಟಿಲನ್ನು ಹತ್ತುತ್ತ ಇಳಿಯುತ್ತ, ಮಗಳ ಗುಟ್ಟು ಯಾವ ಕ್ಷಣದಲ್ಲಿ ಒಡೆಯುತ್ತದೋ ಎಂದು ಕಿವಿಯಾನಿಸುತ್ತ ಒಂದು ಗಂಟೆ ಕಳೆದರು. ಆದರೆ ಒಂದು ಗಂಟೆಯ ಮೇಲೆ ವಿನಯ್ ಓಡಿ ಬಂದು ಅಪ್ಪನ ಮುಂದೆ ಹತ್ತು ಲೆಕ್ಕ ಹಿಡಿದ. ಹತ್ತೂ ಸರಿ!

ಚಂದ್ರಶೇಖರರ ಕಣ್ಣಲ್ಲಿ ನೀರು ಬಂತು. “ಸೂರತ್ತಿನಲ್ಲಿ ಎರಡು ಟ್ಯೂಷನ್ ಇಟ್ರೂ ಆಗ್ಲಿಲ್ಲ! ಬೇಸಿಗೆ ರಜೆಗೆ ಇವಳನ್ನು ನಮ್ಮಲ್ಲಿಗೆ ಕಳಿಸ್ಲೇಬೇಕು. ನಮ್ಮ ಬಿಲ್ಡಿಂಗಿನ ಮಕ್ಕಳಿಗೆಲ್ಲ ಹೇಳಿಕೊಡ್ಲಿ.”

ಸಂಜೆ ಸುಬ್ಬರಾಯರು ಮಗಳನ್ನು ಮೂಲೆಗೆ ಕರೆದು, ಹೇಗೆ ಹೇಳಿಕೊಟ್ಟೆ ಎಂದು ಪಿಸುಗುಟ್ಟಿ ಕೇಳಿದರು.

“ನಂಗೆಲ್ಲಿ ಬರ್ತದೆ? ‘ನೀನು ಹೇಗೆ ಮಾಡ್ತೀಯ ತೋರ್ಸು’ ಅಂದೆ. ಅವ್ನು ಮಾಡ್ದ. ‘ಮತ್ತೆ ಇದು?’ ಅಂದೆ. ಅದೂ ಮಾಡ್ದ.” ಆಶ್ರಿತಾ ಉರುಳೆಯ ದಾರವನ್ನು ಬೆರಳಿಗೆ ಸುತ್ತುತ್ತ ಕೆಳಗೆ ನೋಡಿದಳು. “ಪಪ್ಪ, ಅವ್ನಿಗೆ ಎಲ್ಲ ಬರ್ತದೆ, ಅವ್ನು ಸಿ ಗ್ರೇಡ್. ನಂಗೆ ಏನೂ ಬರುದಿಲ್ಲ, ನಾನು ಎ ಪ್ಲಸ್. ನಾನು ಝೂಟಾ ಅಲ್ವಾ? ಸೂರತ್‌ಗೆ ನನ್ನ ಕಳಿಸ್ಬೇಡಿ ಪಪ್ಪ, ಪ್ಲೀಸ್.”

 ನಲವತ್ತೆರಡು ಮಕ್ಕಳ ಕ್ಲಾಸು ಹಾಳಾದದ್ದು ಒಂದು ದುಃಖ. ಮಗಳು ತಾನೇ ಒಂದು ಸುಳ್ಳು ಎಂದುಕೊಂಡದ್ದು ಇನ್ನೊಂದು. ಅದಕ್ಕೆ ಚೌಕಟ್ಟು ಹಾಕಿ ಗೋಡೆಗೆ ಹೊಡೆದವರು ಬೇರೆ ಯಾರೂ ಅಲ್ಲ, ಸುಬ್ಬರಾಯರೇ. ಅವರು ಕೆಳಗೆ ಹೋಗಿ ಫ್ರೇಮನ್ನು ತೆಗೆದರು. ಗೋಡೆಯಲ್ಲಿ ಒಂದು ಬಿಳಿ ಚೌಕ ಉಳಿಯಿತು.

ಫೆಬ್ರುವರಿಯ ಎರಡನೇ ವಾರ ಕಿರೀಟ್‌ಭಾಯ್ ಅವಸರದಲ್ಲಿ ಹೋಟೆಲಿಗೆ ಬಂದರು. ಬುಧವಾರ ಮೇಲಿನ ಕಚೇರಿಯಿಂದ ಒಬ್ಬರು ಸಾಹೇಬರು ಶಾಲೆಯ ತಪಾಸಣೆಗೆ ಬರುತ್ತಾರೆ, ಉಪಾಹಾರ ಒಂದನೇ ನಂಬರ್ ಆಗಬೇಕು, ಸುಬ್ಬರಾಯರೇ ಸ್ವತಃ ಬಡಿಸಬೇಕು. ಐದನೇ ಕ್ಲಾಸಿನ ಮಕ್ಕಳಿಂದ ಸ್ವಾಗತಕ್ಕೆ ಗರ್ಬಾ.

“ಯಾವ ಪೀರಿಯಡ್‌ನಲ್ಲಿ?” ಎಂದು ಒಳಗಿನಿಂದ ಜಲಜಮ್ಮನ ದನಿ ಬಂತು.

ಸುಬ್ಬರಾಯರು ಬಾಗಿಲ ಪರದೆ ಎಳೆದು ಆರ್ಡರು ಬರೆದುಕೊಂಡರು. ಪ್ರಿನ್ಸಿಪಾಲರು ಹೋದ ಮೇಲೆ ಜಲಜಮ್ಮ ಹೊರಗೆ ಬಂದು ಬಯ್ಯಲೂ ಇಲ್ಲ. “ನೀವು ಯಾವತ್ತಾದ್ರೂ ಮಾತಾಡ್ತೀರಿ ಅಂತ ಹುಡುಗಿ ಕಾಯ್ತಾ ಉಂಟು. ನಾನು ಕಾಯುದು ಬಿಟ್ಟಿದ್ದೇನೆ,” ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಸುಬ್ಬರಾಯರಿಗೆ ನೆಮ್ಮದಿಯಿರುತ್ತಿತ್ತು. ಬುಧವಾರದವರೆಗೆ ಅವರು ಒರೆಸಿದ ಟೇಬಲ್ಲನ್ನೇ ಒರೆಸಿದರು, ಇಟ್ಟ ಲೋಟವನ್ನೇ ಇಟ್ಟರು, ಎರಡು ಸಲ ಗಿರಾಕಿ ತಿನ್ನುತ್ತಿರುವಾಗಲೇ ಪ್ಲೇಟು ಎತ್ತಿದರು.

ಬುಧವಾರ ಸಾಹೇಬರು ಬಂದರು. ತೆಳ್ಳಗೆ, ಕನ್ನಡಕ, ಕಡಿಮೆ ಮಾತು. ಗರ್ಬಾ ನೋಡಿ ತಲೆದೂಗಿದರು. ಕುಣಿಯುವ ಮಕ್ಕಳ ಸಾಲಿನಲ್ಲಿ ಆಶ್ರಿತಾ ಚಪ್ಪಾಳೆ ತಪ್ಪಿಸಿ ಅಪ್ಪನನ್ನೇ ನೋಡುತ್ತಿದ್ದಳು. ಆಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ಉಪಾಹಾರ. ಬಾಗಿಲ ಹತ್ತಿರ ಅರ್ಜಿಯೊಂದನ್ನು ಹಿಡಿದುಕೊಂಡು ಹಂಸಾಬೆನ್ ನಿಂತಿದ್ದರು. ಜವಾನ ಒಳಗೆ ಬಿಟ್ಟಿರಲಿಲ್ಲ. ವಡೆಯ ತಟ್ಟೆ ಹಿಡಿದು ಒಳಗೆ ಹೋಗುವ ಸುಬ್ಬರಾಯರನ್ನು ಅವರು ಹೇಗೆ ನೋಡಿದರೆಂದರೆ, ತಟ್ಟೆಯಲ್ಲಿದ್ದ ಎರಡು ವಡೆ ಜಾರಿ ಕೆಳಗೆ ಬಿದ್ದವು.

ಸಾಹೇಬರು ಇಡ್ಲಿಯನ್ನು ಸಾಂಬಾರಿಗೆ ಅದ್ದಿ ಬಾಯಿಗಿಟ್ಟರು. ಹುಬ್ಬು ಗಂಟಿಕ್ಕಿದರು.

“ಇದು ಸಾಂಬಾರೋ, ಪಾಯಸವೋ? ನಾನು ಮೂರು ವರ್ಷ ದಕ್ಷಿಣದಲ್ಲಿದ್ದವನು.”

 ಬೆಲ್ಲ ಹಾಕಿಸಿದ ಕಿರೀಟ್‌ಭಾಯ್, “ಏನಿದು ಸುಬ್ಬರಾಯ್‌ಭಾಯ್!” ಎಂದು ಗದರಿದರು. ಸುಬ್ಬರಾಯರ ಕೈ ಮುಗಿದುಕೊಂಡವು. “ತಪ್ಪಾಯ್ತು ಸಾಹೇಬ್ರೇ. ಹತ್ತು ನಿಮಿಷ.” ಇಡೀ ಪಾತ್ರೆ ಎತ್ತಿಸಿ ಹೊರಗೆ ಕಳಿಸಿದರು. ಜನಾರ್ದನನಿಗೆ ಫೋನು ಹೋಯಿತು. ಒಂಬತ್ತನೇ ನಿಮಿಷಕ್ಕೆ ಅವನು ಸ್ಕೂಟರಿನಲ್ಲಿ ಮೂಲೆಯ ಒಲೆಯ ಪಾತ್ರೆಯನ್ನು ತೊಡೆಯ ನಡುವೆ ಹಿಡಿದು ಬಂದ. ಸಾಹೇಬರು ಒಂದು ಚಮಚ ಕುಡಿದು ಕಣ್ಣು ಮುಚ್ಚಿದರು.

“ವಾಹ್! ತಪ್ಪು ಅಂದ ಕೂಡಲೇ ಒಪ್ಪಿಕೊಂಡಿರಿ, ಬದಲಾಯಿಸಿಯೂ ಕೊಟ್ಟಿರಿ. ಎಲ್ಲ ಕಡೆ ಹೀಗೆ ಇರಬೇಕು.”

“ನಮ್ಮ ಶಾಲೆಯ ಪೋಷಕರು ಸರ್,” ಎಂದರು ಕಿರೀಟ್‌ಭಾಯ್ ಎದೆಯುಬ್ಬಿಸಿ. “ನಮ್ಮಲ್ಲಿ ಎಲ್ಲವೂ ಹೀಗೆಯೇ.”

ಸುಬ್ಬರಾಯರು ಟೇಬಲ್ಲಿನ ಒಂದು ಮೂಲೆಯನ್ನು ಒರೆಸುತ್ತಿದ್ದರು. ಅಲ್ಲಿ ಏನೂ ಚೆಲ್ಲಿರಲಿಲ್ಲ. ಒರೆಸಿದರು, ಮತ್ತೆ ಒರೆಸಿದರು, ಮರದ ಬಣ್ಣ ಹೋಗುವ ಹಾಗೆ ಒರೆಸಿದರು. ಆಮೇಲೆ ಟವೆಲಿನ ಕಡೆಗೇ ನೋಡುತ್ತ, ತಮಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಮಾತಾಡಿದರು.

“ಸಾಹೇಬ್ರೇ, ನಂದೂ ಒಂದು ಕಂಪ್ಲೇಂಟ್ ಉಂಟು. ನಾವು ಒಂದು ಗಣಿತ ಹೇಳಿದ್ದೆವು, ಬಂದಿಲ್ಲ. ಜುಲೈಯಲ್ಲಿ ಟೇಬಲ್ಲಿನಲ್ಲಿ ಕೂತದ್ದು, ಏಳು ತಿಂಗಳಾಯ್ತು. ಕೇಳಿದಾಗೆಲ್ಲ ‘ಎರಡು ನಿಮಿಷ, ಎರಡು ನಿಮಿಷ’ ಅಂತಾರೆ. ನಡುವಲ್ಲಿ ಗರ್ಬಾ ಕೊಟ್ಟರು, ಗಾಳಿಪಟ ಕೊಟ್ಟರು, ಅದು ನಾವು ಹೇಳಿದ್ದಲ್ಲ. ಪ್ಲೇಟು ಬರ್ಲೇ ಇಲ್ಲ. ಆದ್ರೆ ಬಿಲ್ಲಲ್ಲಿ ಬರ್ದಿದ್ದಾರೆ, ಗಣಿತ ಒಂದು, ಎ ಪ್ಲಸ್ ಅಂತ. ನಲವತ್ತೆರಡು ಮಕ್ಕಳು ಹಸ್ಕೊಂಡು ಕೂತಿದ್ದಾರೆ. ಸಾಂಬಾರಿಗೆ ಒಂದು ಅಚ್ಚು ಬೆಲ್ಲ ಹೆಚ್ಚಾದ್ದಕ್ಕೆ ನಾನು ಇಡೀ ಪಾತ್ರೆ ಬದಲಾಯ್ಸಿದೆ. ಇವರು ಎಂತ ಬದಲಾಯ್ಸಿ ಕೊಡ್ತಾರೆ, ಸ್ವಲ್ಪ ಕೇಳಿ ಹೇಳಿ.”

ಸಾಹೇಬರು ಚಮಚ ಕೆಳಗಿಟ್ಟರು. ಪ್ರಿನ್ಸಿಪಾಲರ ಅಗಲ ಮುಖ ಕಿರಿದಾಯಿತು. ಸಾಹೇಬರು ಐದನೇ ಕ್ಲಾಸಿನ ಗಣಿತದ ನೋಟ್‌ಬುಕ್ಕುಗಳನ್ನು ತರಿಸಿದರು. ನಲವತ್ತೆರಡು ಪುಸ್ತಕ, ಕಂದು ಹೊದಿಕೆ, ಲೇಬಲ್ಲು, ಅಂದವಾದ ಹೆಸರು. ಒಳಗೆ ಜುಲೈ ಒಂಬತ್ತರಿಂದ ಆಚೆಗೆ ಬೆಳ್ಳಗಿನ ಹಾಳೆ. ಬಾಗಿಲಲ್ಲಿದ್ದ ಹಂಸಾಬೆನ್ ಜವಾನನನ್ನು ಬದಿಗೆ ಸರಿಸಿ ಒಳಗೆ ಬಂದು ಅರ್ಜಿಯನ್ನು ಪುಸ್ತಕಗಳ ಮೇಲಿಟ್ಟರು. ಸಾಹೇಬರು ಒಂದೊಂದೇ ಪುಸ್ತಕ ತಿರುವತೊಡಗಿದರು. ಪಕ್ಕದಲ್ಲಿ ವಡೆ ತಣ್ಣಗಾಗುತ್ತಿತ್ತು. ಹದಿನೈದು ನಿಮಿಷ ಆಯಿತು, ಇಪ್ಪತ್ತಾಯಿತು. ಸುಬ್ಬರಾಯರು ನೋಡುತ್ತಲೇ ನಿಂತರು. ತಿನ್ನಿ ಎಂದು ಒಂದು ಮಾತು ಹೇಳಲಿಲ್ಲ.

ಹನ್ನೆರಡು ದಿನಗಳಲ್ಲಿ ಮೀರಾಬೆನ್ ಎಂಬ ಗಣಿತದ ಟೀಚರು ಬಂದರು. ಗರ್ಬಾದ ಡೋಲು ಸ್ಟೋರ್ ರೂಮಿಗೆ ಹೋಯಿತು. ಹಂಸಾಬೆನ್ ಸ್ಟೀಲ್ ಡಬ್ಬಿಯ ತುಂಬ ಹಾಂಡ್ವೊ ಎಂಬ ಗುಜರಾತಿ ತಿಂಡಿ ಹಾಕಿ ವಾಪಸು ಕೊಟ್ಟರು. ಕಿರೀಟ್‌ಭಾಯ್ ಎರಡು ವಾರ ಹೋಟೆಲಿಗೆ ಬರಲಿಲ್ಲ. ಮೂರನೇ ವಾರ ಬಂದು, ಸಾಂಬಾರು ಬಹಳ ಖಾರವಾಗಿದೆ ಎಂದರು. “ತಪ್ಪಾಯ್ತು ಸರ್,” ಎಂದು ಸುಬ್ಬರಾಯರು ಕೈಮುಗಿದು, ಟೇಬಲ್ಲು ಒರೆಸುತ್ತ, “ಆರನೇ ಕ್ಲಾಸಿಗೆ ವಿಜ್ಞಾನದ ಮೇಷ್ಟ್ರು ಇದ್ದಾರಲ್ಲ?” ಎಂದು ಕೇಳಿದರು. ಕಿರೀಟ್‌ಭಾಯ್ ಆ ಸಾಂಬಾರನ್ನೇ ಪೂರ್ತಿ ತಿಂದು ಎದ್ದರು.

ಮೀರಾಬೆನ್ ಕೊಟ್ಟ ಮೊದಲ ಟೆಸ್ಟಿನಲ್ಲಿ ಆಶ್ರಿತಾಳಿಗೆ ಇಪ್ಪತ್ತೈದಕ್ಕೆ ಹನ್ನೊಂದು. ಆ ಕಾಗದವನ್ನು ಜಲಜಮ್ಮನೇ ಫ್ರೇಮು ಹಾಕಿಸಿ ಬಿಳಿ ಚೌಕದ ಮೇಲೆ ನೇತುಹಾಕಿದರು. ಸುಬ್ಬರಾಯರು ಗಿರಾಕಿಗಳಿಗೆ ಅದನ್ನು ಒರೆಸಿ ತೋರಿಸುವಾಗ, “ಹನ್ನೊಂದೂ ಅವಳದ್ದೇ,” ಎನ್ನುತ್ತಿದ್ದರು.

ಏಪ್ರಿಲ್ ಮೊದಲ ಭಾನುವಾರ ಬೆಳಿಗ್ಗೆ ಜನಾರ್ದನ ಏಳು ತಟ್ಟೆಯ ಇಡ್ಲಿಯನ್ನು ಬುಟ್ಟಿಗೆ ಮಗುಚಿ ಕೌಂಟರಿನ ಮೇಲಿಟ್ಟ. ಹಂಸಾಬೆನ್ ಪಾರ್ಸೆಲ್ಲಿಗೆ ನಿಂತಿದ್ದರು. ಯಾರೂ ಕೇಳಿರಲಿಲ್ಲ. ಆಶ್ರಿತಾ ತಾನಾಗಿ ಬಂದು ಬುಟ್ಟಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಸಿಕ್ಸ್‌ಟೀನ್ ಸೆವೆನ್ಸ್ ಆರ್ ಒನ್ ಹಂಡ್ರೆಡ್ ಟ್ವೆಲ್ವ್!”

ಸುಬ್ಬರಾಯರು ಹಿಗ್ಗಿದರು. ಹಂಸಾಬೆನ್ ಚಪ್ಪಾಳೆ ತಟ್ಟಿದರು. ತಿನ್ನುತ್ತಿದ್ದ ಗಿರಾಕಿಗಳೂ ಎಂಜಲು ಕೈಯಲ್ಲೇ ತಟ್ಟಿದರು.

“ಮೀರಾ ಮ್ಯಾಡಮ್ ಹೇಳಿದ್ದಾರೆ, ಉತ್ತರ ಬಂದ ಮೇಲೆ ತಾಳೆ ನೋಡ್ಬೇಕು,” ಎಂದು ಆಶ್ರಿತಾ ಬುಟ್ಟಿಗೆ ಬಗ್ಗಿ ಇಡ್ಲಿಗಳನ್ನು ಹತ್ತು ಹತ್ತರ ಗುಂಪು ಮಾಡಿದಳು. ಹನ್ನೊಂದು ಗುಂಪು ಆಯಿತು. ಉಳಿದದ್ದು ಒಂದು. ಅವಳು ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ನೋಡಿದಳು.

“ಪಪ್ಪ, ಇರ್ಬೇಕಾದ್ದು ನೂರ ಹನ್ನೆರಡು. ಇರುದು ನೂರ ಹನ್ನೊಂದು.” ಅವಳ ಮುಖ ಒಮ್ಮೆಗೇ ಅರಳಿತು. “ಅವತ್ತೂ ನೂರ ಹನ್ನೊಂದೇ ಇದ್ದದ್ದು! ನಾನು ಅವತ್ತು ಸರಿಯಾಗೇ ಎಣಿಸಿದ್ದೆ!”

ಹೋಟೆಲಿನಲ್ಲಿದ್ದವರೆಲ್ಲ ಬುಟ್ಟಿಯನ್ನು ನೋಡಿದರು. ಬುಟ್ಟಿಯಿಂದ ನೋಟ ಮೆಲ್ಲಗೆ ಅದನ್ನು ತಂದವನ ಕಡೆಗೆ ಹೋಯಿತು. ಜನಾರ್ದನ ಬೆನ್ನು ತಿರುಗಿಸಿ ನಿಂತಿದ್ದ. ಸುಬ್ಬರಾಯರು ಹೋಗಿ ಅವನ ಭುಜ ಹಿಡಿದು ಈ ಕಡೆ ತಿರುಗಿಸಿದರು. ಅವನ ಎಡಗೆನ್ನೆ ಉಬ್ಬಿತ್ತು. ಹನ್ನೊಂದು ವರ್ಷದ ಬೆಳಗಿನ ಚಹಾದ ಗುಟ್ಟು ಆ ಕೆನ್ನೆಯಲ್ಲಿ ಬಿಸಿಯಾಗಿ ಕೂತಿತ್ತು.

ಜನಾರ್ದನ ನಿಧಾನವಾಗಿ ಅಗಿದು, ನುಂಗಿ, ಬಾಯಿ ಒರೆಸಿಕೊಂಡ.

“ನಾನು ಆವತ್ತೇ ಹೇಳಿದ್ದೆ ರಾಯರೇ,” ಎಂದ. “ಶಾಲೆ ಮೊದಲು ಇದ್ದ ಹಾಗೆಯೇ ಇದ್ರೆ ಒಳ್ಳೆದಿತ್ತು.”